ಉದ್ಭವಿಸುವುದಿಲ್ಲ

ಅಜ್ಜಿ ಸತ್ತಿದ್ದು ಶ್ರಾವಣದಲ್ಲಿ. ಮೂರು ದಿನದಿಂದ ಜಡಿಮಳೆ. ನಮ್ಮ ಕೇರಿಯ ಹೆಣಗಳಿಗೆ ಕೆರೆ ಅಂಗಳವೇ ಗತಿ. ಅಪ್ಪ, ಚಿಕ್ಕಪ್ಪ, ನಾನು, ಕೇರಿಯ ನಾಲ್ಕೈದು ಹುಡುಗರು ಸೇರಿ ಗುಣಿ ತೋಡಿದೆವು. ಮೊಣಕಾಲುದ್ದ ಹೋಗುವಷ್ಟರಲ್ಲಿ ಅಡಿಯಿಂದ ನೀರು ಜಿನುಗಿತು. ಬಕೇಟಿನಲ್ಲಿ ಮೊಗೆದು ಚೆಲ್ಲಿದಷ್ಟೂ ಬಂತು. ಕತ್ತಲಾಗುತ್ತಿತ್ತು. ಕೊನೆಗೆ ನೀರಿನ ಮೇಲೇ ಇಳಿಸಿದೆವು. ಹೆಣ ತೇಲಿತು. ತೇಲಬಾರದು ಅಂತ ಅಪ್ಪ ಎರಡು ಕಲ್ಲು ತಂದು ಎದೆಯ ಮೇಲೆ ಇಟ್ಟ. ತನ್ನ ಹೆತ್ತವ್ವನ ಎದೆಯ ಮೇಲೆ.

ನಾನು ಪದ್ಯ ಬರೆಯುವವನು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು. ಆ ರಾತ್ರಿಯೇ ಪದ್ಯ ಬರೆದೆ. ಬೆಂಕಿ ಇತ್ತು, ಕೆಂಡ ಇತ್ತು, ಕೆರೆಯ ನೀರು ರಕ್ತವಾಗಿತ್ತು, ಕೊನೆಯ ಸಾಲಿನಲ್ಲಿ ವಿಧಾನಸೌಧದ ಮೆಟ್ಟಿಲಿನ ಮೇಲೆ ನಮ್ಮಜ್ಜಿಯ ಹೆಣ ಬಂದು ಕೂತಿತ್ತು. ಜಿಲ್ಲಾ ಕೇಂದ್ರದ ಕವಿಗೋಷ್ಠಿಯಲ್ಲಿ ಓದಿದೆ. ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಪೇಪರಿನಲ್ಲಿ ಫೋಟೋ ಬಂತು. ಪೇಪರು ಹಿಡಿದುಕೊಂಡು ಊರಿಗೆ ಬಂದರೆ ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ:

'ಜಾಗ ಕೊಡ್ತಾರಂತೇನ್ಲಾ?'

ಗೆಳೆಯರೆ, ಆ ಮಾತಿಗೆ ನನ್ನ ಹತ್ತಿರ ಪದ್ಯ ಇರಲಿಲ್ಲ.

ನನಗೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದ ಮೇಷ್ಟ್ರು ಒಬ್ಬರಿದ್ದಾರೆ. ನಮ್ಮ ಕೇರಿಗೆ ಬಂದು ನೀರು ಕುಡಿದು ಹೋಗುವ ಮನುಷ್ಯ. ಅವರ ಮನೆಗೆ ಹೋದೆ. 'ಪದ್ಯ ಓದಿದೆ ಕಣಯ್ಯ. ಚೆನ್ನಾಗಿದೆ. ಈಗ ಒಂದು ಪ್ರಶ್ನೆ ಬರಿ' ಅಂದರು.

'ಯಾರಿಗೆ ಸಾರ್?'

'ಸರ್ಕಾರಕ್ಕೆ.'

ನನಗೆ ನಗು ಬಂತು. ಅರ್ಜಿ ಕೊಟ್ಟೂ ಕೊಟ್ಟೂ ನಮ್ಮ ಕೇರಿಯವರ ಬೆರಳಿನ ಮಸಿ ಆರಿಲ್ಲ. ತಾಲ್ಲೂಕು ಕಚೇರಿಯ ಟಪಾಲಿನಲ್ಲಿ ಹಾಕಿಸಿದ ಸೀಲುಗಳ ಒಂದು ಕಟ್ಟೇ ಅಪ್ಪನ ಟ್ರಂಕಿನಲ್ಲಿ ಐತೆ. ಮೇಷ್ಟ್ರು ಅಂದರು: 'ಅರ್ಜಿ ಬೇರೆ, ಪ್ರಶ್ನೆ ಬೇರೆ. ಅರ್ಜಿ ನೀನು ಕೊಡೋದು. ಅವರು ಓದಿದರೂ ಸರಿ, ಓದದೆ ಇದ್ದರೂ ಸರಿ. ಪ್ರಶ್ನೆ ಶಾಸಕರು ಸದನದಲ್ಲಿ ಕೇಳೋದು. ಅದಕ್ಕೆ ಮಂತ್ರಿ ಹೆಸರಿನಲ್ಲಿ, ಇಂಥಾ ತಾರೀಖು ಅಂತ, ಬರಹದಲ್ಲಿ ಉತ್ತರ ಕೊಡಲೇಬೇಕು.'

ಇದನ್ನು ನಾನು ಪೌರನೀತಿ ಪುಸ್ತಕದಲ್ಲಿ ಎರಡು ಮಾರ್ಕಿಗೆ ಓದಿದ್ದೆ. ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ. ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು ಬಾಯಿಯಲ್ಲಿ ಉತ್ತರ ಹೇಳಬೇಕು. ಅದರ ಮೇಲೆ ಉಪಪ್ರಶ್ನೆ ಹಾಕಿ ಬೆವರಿಳಿಸಬಹುದು. ಚುಕ್ಕೆ ಇಲ್ಲದಿದ್ದರೆ ಬರೀ ಕಾಗದದ ಉತ್ತರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆಯವು, 230 ಚುಕ್ಕೆ ಇಲ್ಲದವು. ಚುಕ್ಕೆ ಯಾರಿಗೆ ಸಿಗುತ್ತೆ ಅನ್ನೋದು ಚೀಟಿ ಎತ್ತಿದ ಹಾಗೆ. ಚುಕ್ಕೆ ಇಲ್ಲದ ಪ್ರಶ್ನೆ ನಮ್ಮ ಜಾತಿಯದು ಅನ್ನಿಸಿತು ನನಗೆ. ಒಳಗೆ ಕರೆಯೋದಿಲ್ಲ, ಹೊರಗೆ ನಿಲ್ಲಿಸಿ ಮೇಲಿಂದ ಬೊಗಸೆಗೆ ಹಾಕ್ತಾರೆ. ಮೇಷ್ಟ್ರಿಗೆ ಹೇಳಿದೆ. 'ಹಾಕಲಿ ಬಿಡು. ಕಾಗದದ ಮೇಲೆ ಹಾಕ್ತಾರಲ್ಲ, ಅದು ಮುಖ್ಯ' ಅಂದರು.

ಈ ಪ್ರಶ್ನೆ ಕೇಳುವ ಹಕ್ಕಿಗೂ ಒಂದು ಚರಿತ್ರೆ ಐತೆ. ಬ್ರಿಟಿಷರ ಕೌನ್ಸಿಲಿನಲ್ಲಿ 1892ರ ಕಾಯ್ದೆ ಬರೋವರೆಗೆ ಸದಸ್ಯರು ಪ್ರಶ್ನೆ ಕೇಳುವ ಹಾಗೇ ಇರಲಿಲ್ಲ. 1893ರಲ್ಲಿ ಮೊದಲ ಪ್ರಶ್ನೆ ಕೇಳಿದವನು ಭಿಂಗಾದ ರಾಜ. ಏನು ಕೇಳಿದ ಗೊತ್ತೆ? ಸರ್ಕಾರಿ ಸಾಹೇಬರು ಕ್ಯಾಂಪು ಬಂದಾಗ ದಿನಸಿ ಒದಗಿಸಿ ಒದಗಿಸಿ ಹಳ್ಳಿಯ ಅಂಗಡಿಯವರಿಗೆ ಆಗೋ ಕಷ್ಟದ ಬಗ್ಗೆ. ಒಳ್ಳೆಯ ಪ್ರಶ್ನೆಯೇ. ಆದರೆ ಅಪ್ಪನ ತಾತ ನಮ್ಮೂರ ತೋಟಿ. ಅಂಥ ಕ್ಯಾಂಪುಗಳಿಗೆ ಹುಲ್ಲು, ಸೌದೆ ಹೊತ್ತವನು. ಸರ್ಕಾರದ ಹುಕುಮನ್ನು ತಮಟೆ ಬಡಿದು ಸಾರಿದವನು. ಅಂಗಡಿಯವನ ಕಷ್ಟ ಕೇಳೋದಕ್ಕೆ ಒಬ್ಬ ರಾಜ ಸಿಕ್ಕಿದ. ಬಿಟ್ಟಿ ಹೊತ್ತವನ ಬೆನ್ನನ್ನು ಯಾರು ಕೇಳಬೇಕಿತ್ತು?

'ಬರೆಯೋದಕ್ಕೆ ಮುಂಚೆ ಸರ್ಕಾರ ಹೆಂಗೆ ಉತ್ತರ ಹೇಳುತ್ತೆ ಅಂತ ಓದು' ಅಂತ ಮೇಷ್ಟ್ರು ಪ್ರಿಂಟ್ ಹಾಕಿಸಿದ ಒಂದು ಕಟ್ಟು ಕೊಟ್ಟರು. ಓದಿದೆ. ಅದೊಂದು ಬೇರೆಯೇ ಸಾಹಿತ್ಯ. ನಮ್ಮ ರಾಜ್ಯದ ಉತ್ತರಗಳಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಮಧ್ಯೆ ಗೆರೆ. (ಅ), (ಆ), (ಇ), (ಈ). 'ಸರ್ಕಾರದ ಗಮನಕ್ಕೆ ಬಂದಿದೆಯೇ?' 'ಬಂದಿರುವುದಿಲ್ಲ.' 'ಹಾಗಿದ್ದಲ್ಲಿ ಕೈಗೊಂಡ ಕ್ರಮಗಳೇನು?' 'ಉದ್ಭವಿಸುವುದಿಲ್ಲ.' ಸಾವಿರ ವರ್ಷದಿಂದ ನಮ್ಮ ಕಷ್ಟ ಯಾವ ದೊರೆಯ ಗಮನಕ್ಕೂ ಬಂದಿಲ್ಲ ಅನ್ನೋದನ್ನ ಇಷ್ಟು ಚಿಕ್ಕದಾಗಿ ಯಾವ ಕವಿಯೂ ಬರೆದಿಲ್ಲ.

ಆ ಕಟ್ಟಿನಲ್ಲಿ ದಿಲ್ಲಿಯ ಉತ್ತರಗಳೂ ಇದ್ದವು. 2020ರ ಮೇ 8ರ ಬೆಳಗಿನ ಜಾವ ಔರಂಗಾಬಾದಿನ ಹತ್ತಿರ ರೈಲು ಹಳಿ ಮೇಲೆ ಮಲಗಿದ್ದ 16 ಜನ ಕೂಲಿಕಾರರ ಮೇಲೆ ಗೂಡ್ಸ್ ಗಾಡಿ ಹರಿಯಿತು. ಲಾಕ್‌ಡೌನಿನಲ್ಲಿ ಊರಿಗೆ ನಡೆದು ಹೊರಟಿದ್ದವರು. ಹಾಗೆ ದಾರಿಯಲ್ಲಿ ಸತ್ತವರು ಎಷ್ಟು ಜನ, ಅವರ ಮನೆಯವರಿಗೆ ಪರಿಹಾರ ಕೊಟ್ಟಿರಾ ಅಂತ ಆ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಬಂತು. ಆ ಅಧಿವೇಶನದಲ್ಲಿ ಕೊರೋನಾ ನೆಪದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ತೆಗೆದುಹಾಕಿದ್ದರು. ಚುಕ್ಕೆ ಇಲ್ಲದ ಪ್ರಶ್ನೆಗಳು ಮಾತ್ರ ಉಳಿದಿದ್ದವು. ಕಾರ್ಮಿಕ ಸಚಿವಾಲಯದ ಉತ್ತರ: ಅಂಥ ಲೆಕ್ಕ ಇಟ್ಟಿಲ್ಲ. ಲೆಕ್ಕವೇ ಇಲ್ಲದ ಮೇಲೆ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ. ಒಂದು ಕೋಟಿಗೂ ಮೀರಿ ಜನ ಊರಿಗೆ ಮರಳಿದರು ಅನ್ನೋ ಲೆಕ್ಕ ಮಾತ್ರ ಅದೇ ಸಚಿವಾಲಯದ ಹತ್ತಿರ ಇತ್ತು. ಬದುಕಿ ಮನೆ ಸೇರಿದವರ ಲೆಕ್ಕ ಐತೆ, ಸತ್ತವರದ್ದು ಇಲ್ಲ! ಓದಿ ಕಟ್ಟನ್ನು ಎಸೆದುಬಿಟ್ಟೆ. ಆಮೇಲೆ ಯೋಚಿಸಿದರೆ, ಆ ಪ್ರಶ್ನೆ ಹಾಕದೆ ಹೋಗಿದ್ದರೆ 'ಲೆಕ್ಕ ಇಟ್ಟಿಲ್ಲ' ಅಂತ ಅವರು ಬಾಯಿ ಬಿಡುತ್ತಿದ್ದರೇ? ಮಾರನೆಯ ದಿನ ದೇಶದ ಪತ್ರಿಕೆಗಳಲ್ಲೆಲ್ಲಾ ಆ ಒಂದು ಸಾಲೇ.

ಇನ್ನೊಂದು ಉತ್ತರ ನನ್ನ ನಿದ್ದೆ ಕೆಡಿಸಿತು. ಮಲ ಹೊರುವ ಕೆಲಸದಲ್ಲಿ ಎಷ್ಟು ಜನ ಸತ್ತಿದ್ದಾರೆ ಅಂತ 2021ರಲ್ಲಿ ರಾಜ್ಯಸಭೆಯಲ್ಲಿ ಕೇಳಿದರೆ, ಒಬ್ಬರೂ ಸತ್ತ ವರದಿ ಇಲ್ಲ ಅಂದರು. ಸೊನ್ನೆ. ಒಳಚರಂಡಿ, ಮಲದ ಗುಂಡಿ ಸ್ವಚ್ಛ ಮಾಡುವಾಗ ಸತ್ತವರು? 941. ಅದೇ ಇಲಾಖೆ, ಅದೇ ವರ್ಷ. 2013ರ ಕಾಯ್ದೆಯಲ್ಲಿ ಎರಡಕ್ಕೂ ಬೇರೆ ಬೇರೆ ವ್ಯಾಖ್ಯೆ ಐತೆ: ಒಂದು 'ಮಲ ಹೊರುವುದು', ಇನ್ನೊಂದು 'ಅಪಾಯಕಾರಿ ಸ್ವಚ್ಛತೆ'. ನೀವು ಯಾವ ಪದ ಹಿಡಿದು ಕೇಳ್ತೀರೋ ಆ ಪದಕ್ಕೆ ಉತ್ತರ. ಗುಂಡಿಗೆ ಇಳಿದು ವಿಷಗಾಳಿಗೆ ಉಸಿರು ಕಟ್ಟಿದವನಿಗೆ ತಾನು ಯಾವ ವ್ಯಾಖ್ಯೆಯೊಳಗೆ ಸಾಯ್ತಾ ಇದ್ದೀನಿ ಅಂತ ಗೊತ್ತಿರುತ್ತದೆಯೇ? ಆ ಡಿಸೆಂಬರಿನಲ್ಲಿ ಇನ್ನೊಬ್ಬ ಸದಸ್ಯರು ಜಾತಿವಾರು ಲೆಕ್ಕ ಕೇಳಿದರು. ಗುರುತಿಸಿದ 58,098 ಜನರಲ್ಲಿ ಜಾತಿಯ ವಿವರ ಸಿಕ್ಕಿದ್ದು 43,797 ಜನರದು. ಅದರಲ್ಲಿ ಪರಿಶಿಷ್ಟ ಜಾತಿಯವರು 42,594. ಜಾತಿ ಎಲ್ಲೈತೆ ಸ್ವಾಮಿ ಈಗ ಅಂತ ಕೇಳುವ ನಮ್ಮ ಕಾಲೇಜಿನ ಗೆಳೆಯರಿಗೆ ನಾನು ಈಗ ಭಾಷಣ ಮಾಡೋದಿಲ್ಲ. ಸರ್ಕಾರವೇ ಬರೆದುಕೊಟ್ಟ ಈ ಎರಡು ಅಂಕಿ ಹೇಳ್ತೀನಿ.

ಬಸವಲಿಂಗಪ್ಪನವರು ಮಂತ್ರಿಯಾಗಿ ನಮ್ಮ ರಾಜ್ಯದಲ್ಲಿ ಮಲ ಹೊರುವುದನ್ನು ನಿಲ್ಲಿಸಿ ಅಂತ ಆಜ್ಞೆ ಮಾಡಿದ್ದು ಎಪ್ಪತ್ತರ ದಶಕದಲ್ಲಿ. 2010ರಲ್ಲಿ ಸವಣೂರಿನ ಭಂಗಿ ಜನ ಮೈಮೇಲೆ ಮಲ ಸುರಿದುಕೊಂಡು ನಿಲ್ಲಬೇಕಾಯಿತು. ನಡುವಿನ ಅಷ್ಟು ವರ್ಷ 'ಗಮನಕ್ಕೆ ಬಂದಿರುವುದಿಲ್ಲ'.

ಸರಿ, ಪ್ರಶ್ನೆ ಬರೆಯಲು ಕೂತೆ. ನನ್ನ ಮೊದಲ ಪ್ರಶ್ನೆ ಎರಡು ಪುಟ ಇತ್ತು. 'ಶತಮಾನಗಳಿಂದ ಮೇಲ್ಜಾತಿಯ ಅಮಾನುಷ ದಬ್ಬಾಳಿಕೆಗೆ ಸಿಕ್ಕು ಸತ್ತ ಮೇಲೂ ಮೂರಡಿ ಮಣ್ಣಿಲ್ಲದ ದಲಿತರ ಬಗ್ಗೆ ಈ ನಿರ್ದಯಿ ಸರ್ಕಾರಕ್ಕೆ ನಾಚಿಕೆ ಇದೆಯೇ?' ಅಂತ ಶುರು. ಮೇಷ್ಟ್ರು ಕೆಂಪು ಪೆನ್ನು ತಗೊಂಡು ನಿಯಮ ಓದಿ ಹೇಳಿದರು. ಲೋಕಸಭೆಯ ನಿಯಮದ ಪ್ರಕಾರ ಪ್ರಶ್ನೆ 150 ಪದ ದಾಟಬಾರದು. ವಾದ ಇರಬಾರದು, ಊಹೆ ಇರಬಾರದು, ವ್ಯಂಗ್ಯ ಇರಬಾರದು, ಆರೋಪ ಇರಬಾರದು, ವಿಶೇಷಣ ಇರಬಾರದು. ನಮ್ಮ ವಿಧಾನಮಂಡಲದ್ದೂ ಹೆಚ್ಚುಕಮ್ಮಿ ಇದೇ ಅಚ್ಚು.

'ಇದೆಲ್ಲಾ ತೆಗೆದರೆ ಉಳಿಯೋದೇನು ಸಾರ್? ನನ್ನ ಕಸುಬೇ ಅದಲ್ವಾ?'

'ನಾಚಿಕೆ ಇದೆಯಾ ಅಂತ ಕೇಳಿದರೆ ಇದೆ ಅಂತ ಬರೆದು ಕಳಿಸ್ತಾನೆ ಕಣಯ್ಯ. ಅವನಿಗೇನು ಖರ್ಚು? ಸರ್ವೆ ನಂಬರು ಕೇಳು.'

ನಾಲ್ಕು ರಾತ್ರಿ ಬರೆದು ಹೊಡೆದು ಬರೆದೆ. ಕೊನೆಗೆ ಹೀಗಾಯಿತು: (ಅ) ಇಂಥ ತಾಲ್ಲೂಕಿನಲ್ಲಿ ಪರಿಶಿಷ್ಟ ಜಾತಿಯವರಿಗೆ ಸ್ಮಶಾನ ಭೂಮಿ ಇರುವ ಮತ್ತು ಇಲ್ಲದಿರುವ ಗ್ರಾಮಗಳು ಯಾವುವು? (ಆ) ಇರುವ ಕಡೆ ಸರ್ವೆ ನಂಬರು ಮತ್ತು ವಿಸ್ತೀರ್ಣವೆಷ್ಟು? (ಗ್ರಾಮವಾರು ವಿವರ ನೀಡುವುದು) (ಇ) ಸದರಿ ಜಮೀನುಗಳು ಒತ್ತುವರಿಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಈ) ಬಂದಿದ್ದಲ್ಲಿ ತೆರವಿಗೆ ಕೈಗೊಂಡ ಕ್ರಮಗಳೇನು?

ಅಜ್ಜಿ ಇಲ್ಲ, ಕಲ್ಲು ಇಲ್ಲ, ನೀರು ಇಲ್ಲ. ಓದಿದರೆ ನನಗೇ ಸಪ್ಪೆ ಅನ್ನಿಸಿತು.

ನಮ್ಮ ಕ್ಷೇತ್ರದ ಶಾಸಕರ ಹತ್ತಿರ ಹೋಗಲಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರದಿಂದ ಹೋದ ಒಬ್ಬರು ಮೇಷ್ಟ್ರಿಗೆ ಗೊತ್ತಿದ್ದರು. ಅವರ ಮನೆ ಬಾಗಿಲಲ್ಲಿ ವರ್ಗಾವಣೆ ಕೇಳಿಕೊಂಡು ಬಂದವರ ಸಾಲು. ನಮ್ಮ ಸರದಿ ಬಂದಾಗ ಕಾಗದ ನೋಡಿ, 'ಇಷ್ಟೇ ಏನ್ರೀ?' ಅಂತ ಸಹಿ ಹಾಕಿದರು. ದುಡ್ಡು ಕೇಳಲಿಲ್ಲ ಅಂತಲೂ ಹೇಳಬೇಕು. 2005ರಲ್ಲಿ ಸಂಸತ್ತಿನ 11 ಜನ ಸದಸ್ಯರು ಪ್ರಶ್ನೆ ಕೇಳೋದಕ್ಕೆ ದುಡ್ಡು ತಗೊಂಡು ಸಿಕ್ಕಿಬಿದ್ದು ಸದಸ್ಯತ್ವ ಕಳಕೊಂಡರು. ಮಾರುತ್ತಾರೆ ಅಂದರೆ ಬೆಲೆ ಐತೆ ಅಂತ ಅರ್ಥ. 1957ರಲ್ಲಿ ಎಲ್‌ಐಸಿ ದುಡ್ಡನ್ನು ಮುಂಧ್ರಾ ಎಂಬ ಸಾಹುಕಾರನ ಕಂಪನಿಗಳಿಗೆ ಸುರಿದ ಬಗ್ಗೆ ಎದ್ದ ಪ್ರಶ್ನೆ ಬೆಳೆದೂ ಬೆಳೆದೂ ಮರುವರ್ಷ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರ ಕುರ್ಚಿಯನ್ನೇ ತೆಗೆಯಿತು.

ಬೆಳಗಾವಿ ಅಧಿವೇಶನಕ್ಕೆ ನಮ್ಮ ಪ್ರಶ್ನೆ ಸೇರಿತು. ಚುಕ್ಕೆ ಬರಲಿಲ್ಲ. ಆದರೆ ಒಂದು ತಮಾಷೆ ನೋಡಿದೆ. ನನ್ನ ಜೊತೆ ಹಾಸ್ಟೆಲಿನಲ್ಲಿದ್ದವನೊಬ್ಬ ಬೇರೆ ಕಡೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅವನು ಹೇಳ್ತಾನೆ: 'ಮಗಾ, ಎಲ್‌ಎಕ್ಯೂ ಬಂತು ಅಂದ್ರೆ ನಮ್ ಆಫೀಸಲ್ಲಿ ರಾತ್ರಿ ಹತ್ತಾದ್ರೂ ಲೈಟ್ ಆರಲ್ಲ. ಮೊದ್ಲು ಅದು, ಆಮೇಲೆ ಊಟ.' ಕೆಳಮನೆಯ ಪ್ರಶ್ನೆಗೆ ಎಲ್‌ಎಕ್ಯೂ ಅಂತಾರೆ, ಮೇಲ್ಮನೆಯದಕ್ಕೆ ಎಲ್‌ಸಿಕ್ಯೂ. ನಮ್ಮ ಪ್ರಶ್ನೆ ವಿಧಾನ ಪರಿಷತ್ತಿನ ಸಚಿವಾಲಯದಿಂದ ಕಂದಾಯ ಇಲಾಖೆಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ, ಅಲ್ಲಿಂದ ಕಂದಾಯ ನಿರೀಕ್ಷಕರಿಗೆ, ಅಲ್ಲಿಂದ ಗ್ರಾಮ ಲೆಕ್ಕಿಗರಿಗೆ (ಈಗ ಗ್ರಾಮ ಆಡಳಿತ ಅಧಿಕಾರಿ ಅಂತಾರೆ) 'ಅತಿ ಜರೂರು' ಅಂತ ಹಣೆಬರಹ ಹೊತ್ತು ಇಳಿದು ಬಂತು. ಅಪ್ಪನ ಟ್ರಂಕಿನ ಅರ್ಜಿಗಳು ಹತ್ತಲು ಆಗದ ಮೆಟ್ಟಿಲನ್ನು ಈ ಕಾಗದ ಮೇಲಿನಿಂದ ಇಳಿಯಿತು. ಆ ಲೆಕ್ಕಿಗರೇ ಒಂದು ಸಂಜೆ ಬೈಕಿನಲ್ಲಿ ನಮ್ಮ ಕೇರಿಗೆ ಬಂದರು. ಕೇರಿಯೊಳಗೆ ಅವರು ಕಾಲಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. 'ಯಾರ್ರೀ ಇದು ಕೊಶ್ಚನ್ ಹಾಕ್ಸಿರೋದು?' ಅಂತ ಕೇಳಿದರು. ಅವ್ವ ಒಳಗಿಂದಲೇ, 'ನಮಗೇನ್ ಗೊತ್ತು ಸೋಮಿ, ನಾವು ಓದಿದೋರಾ?' ಅಂದಳು.

ಉತ್ತರ ಬಂತು. ಮೇಷ್ಟ್ರ ಮೊಬೈಲಿನಲ್ಲಿ ನೋಡಿದೆ. (ಅ) ಸದರಿ ತಾಲ್ಲೂಕಿನ ಎಲ್ಲ ಗ್ರಾಮಗಳಲ್ಲೂ ಸ್ಮಶಾನ ಭೂಮಿ ಕಾಯ್ದಿರಿಸಲಾಗಿದೆ. (ಆ) ವಿವರಗಳನ್ನು ಅನುಬಂಧದಲ್ಲಿ ನೀಡಿದೆ. (ಇ) ಬಂದಿರುವುದಿಲ್ಲ. (ಈ) ಉದ್ಭವಿಸುವುದಿಲ್ಲ.

ಎದೆಯ ಮೇಲೆ ಕಲ್ಲಿಟ್ಟುಕೊಂಡು ಮಲಗಿದ ಅಜ್ಜಿ ಕಣ್ಣ ಮುಂದೆ ಬಂದಳು. ಸುಳ್ಳು ಸಾರ್, ಹಸೀ ಸುಳ್ಳು, ಸದನಕ್ಕೇ ಸುಳ್ಳು ಹೇಳಿದ್ದಾರೆ ಅಂತ ಕೂಗಾಡಿದೆ. ಮೇಷ್ಟ್ರು ಮಾತ್ರ ಅನುಬಂಧವನ್ನು ಬೆರಳಿನಲ್ಲಿ ಮೇಲಕ್ಕೆ ತಳ್ಳುತ್ತಾ ಹೋದರು. ನಮ್ಮೂರಿನ ಹೆಸರಿನ ಹತ್ತಿರ ನಿಂತರು. ಸರ್ವೆ ನಂಬರು ಇತ್ತು. ವಿಸ್ತೀರ್ಣ: 1 ಎಕರೆ 20 ಗುಂಟೆ. ಷರಾ: 'ಪ.ಜಾ. ಸ್ಮಶಾನ'.

ಮೇಷ್ಟ್ರು ನಕ್ಕರು. 'ಇಷ್ಟು ದಿನ ಜಾಗ ಎಲ್ಲಿದೆ ಅಂತ ನೀನು ಹೇಳಬೇಕಿತ್ತು. ಈಗ ಅವರೇ ಹೇಳಿದ್ದಾರೆ. ತೋರಿಸಿ ಅಂತ ಕೇಳೋದಷ್ಟೇ ಬಾಕಿ.'

ಆ ಸರ್ವೆ ನಂಬರು ಎಲ್ಲಿದೆ ಅಂತ ಹುಡುಕಿದರೆ ಊರ ಒಡೆಯರ ತೆಂಗಿನ ತೋಟದೊಳಗೆ! ಒಡೆಯರು ನಮ್ಮ ಶಾಸಕರಿಗೆ ಬೀಗರು. ಅಪ್ಪ ಆ ತೋಟದಲ್ಲಿ ಇಪ್ಪತ್ತು ವರ್ಷ ಗುಣಿ ತೋಡಿದ್ದಾನೆ, ತೆಂಗಿನ ಸಸಿಗೆ.

ಇಲ್ಲಿ ಸಂಘಟನೆಯ ಅಣ್ಣ ಒಬ್ಬರ ಮಾತು ಹೇಳಬೇಕು. ನಾನು ಈ ಕಾಗದ ತೋರಿಸಿದಾಗ ಅವರು, 'ಹೋರಾಟ ಬಿಟ್ಟು ಗುಮಾಸ್ತಿಕೆ ಹಿಡಿದೆಯಾ ತಮ್ಮಾ? ಇದೆಲ್ಲಾ ಆಳುವವರ ಆಟ' ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಪ್ರಶ್ನೆ ತಾನೇ ನಡೆದು ಹೋಗಿ ಕಲ್ಲು ನೆಡಲಿಲ್ಲ. ಕೇರಿಯ ನಲವತ್ತು ಜನ, ಅದರಲ್ಲಿ ಹೆಂಗಸರೇ ಹೆಚ್ಚು, ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿ ಮುಂದೆ ಕೂತೆವು. ಅಣ್ಣನೂ ಬಂದು ಕೂತರು, ತಮಟೆ ತಂದಿದ್ದರು. ಆದರೆ ಈ ಸಲ ನಮ್ಮ ಕೈಯಲ್ಲಿ ಅರ್ಜಿ ಇರಲಿಲ್ಲ, ಉತ್ತರ ಇತ್ತು. ತಹಶೀಲ್ದಾರರು ಓದಿದರು, ತಿರುಗಿಸಿದರು, ಮತ್ತೆ ಓದಿದರು. ಜಾಗ ಇದೆ ಅಂದರೆ ಅಳತೆ ಮಾಡಿ ಕೊಡಬೇಕು. ಇಲ್ಲ ಅಂದರೆ ತಮ್ಮ ಕಚೇರಿಯ ವರದಿ ನಂಬಿ ಮಂತ್ರಿಗಳು ಸದನಕ್ಕೆ ತಪ್ಪು ಹೇಳಿದ ಹಾಗಾಯಿತು. ಅದಕ್ಕೆ ಹಕ್ಕುಚ್ಯುತಿ ಅಂತ ದೊಡ್ಡ ಹೆಸರಿದೆ. ಅವರು ಚಹಾ ತರಿಸಿದರು. ನಮಗೂ ತರಿಸಿದರು. ಅದೇ ಕಪ್ಪುಗಳಲ್ಲಿ.

ಹದ್ದುಬಸ್ತಿಗೆ ಸರ್ವೇಯರ್ ಬರಲು ಮತ್ತೆ ಮೂರು ತಿಂಗಳು. ನಡುವೆ ಎರಡು ಸಲ ತಾರೀಖು ಮುಂದೆ ಹೋಯಿತು. 'ಪರಿಶೀಲಿಸಲಾಗುವುದು' ಅನ್ನುವಂಥ ಮಾತು ಮಂತ್ರಿ ಸದನದಲ್ಲಿ ಕೊಟ್ಟರೆ ಅದು ಭರವಸೆ ಅಂತ ಲೆಕ್ಕ. ನಡೆಸಿದರೋ ಇಲ್ಲವೋ ಅಂತ ನೋಡೋದಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದು ಐತೆ. ನಮಗೆ ಭರವಸೆ ಸಿಕ್ಕಿರಲಿಲ್ಲ, ಸುಳ್ಳು ಸಿಕ್ಕಿತ್ತು. ಸುಳ್ಳಿಗೆ ಅಂಥ ಸಮಿತಿ ಇಲ್ಲ. ಪರಿಷತ್ತಿನ ಸದಸ್ಯರಿಂದ ಜಿಲ್ಲಾಧಿಕಾರಿಗೆ ಒಂದು ಕಾಗದ ಬರೆಸಿದ ಮೇಲೆ ಸರ್ವೇಯರ್ ಬಂದರು.

ಅಳತೆಯ ದಿನ ಪೊಲೀಸು, ಲೆಕ್ಕಿಗರು, ಊರಿನ ಗಂಡಸರೆಲ್ಲ ಒಂದು ಕಡೆ, ಕೇರಿ ಒಂದು ಕಡೆ. ಅಳೆದಂತೆ ಗೆರೆ ತೋಟದೊಳಗೆ ನಡೆಯಿತು. ಹನ್ನೊಂದು ತೆಂಗಿನ ಮರ ನಮ್ಮ ಕಡೆಗೆ ಬಂದವು. ಒಡೆಯರು ಮಾತಾಡಲಿಲ್ಲ. ಅಪ್ಪನನ್ನು ಮಾತ್ರ ನೋಡುತ್ತಾ ನಿಂತಿದ್ದರು. ಅಪ್ಪ ತಲೆ ತಗ್ಗಿಸಲಿಲ್ಲ ಅಂತ ಬರೆಯಬೇಕು ಅಂತ ನನ್ನ ಕೈ ತುಡಿಯುತ್ತದೆ. ತಗ್ಗಿಸಿದ. ಆದರೆ ಕಲ್ಲು ನೆಡುವ ಗುಣಿಗಳನ್ನು ಅವನೇ ತೋಡಿದ. ಆರು ಕಲ್ಲು. ನೀರು ಜಿನುಗಲಿಲ್ಲ, ಒಳ್ಳೆಯ ಕೆಂಪು ಮಣ್ಣು.

ಆ ವಾರದಿಂದ ಅಪ್ಪನಿಗೆ ತೋಟದ ಕೂಲಿ ಇಲ್ಲ. ಕೇರಿಯ ಇನ್ನೂ ಐದು ಮನೆಯವರಿಗೆ ಇಲ್ಲ. ಇಪ್ಪತ್ತು ದಿನ ಕಳೆದ ಮೇಲೆ ಹೋಗಿ ನೋಡಿದರೆ ಕಲ್ಲುಗಳಲ್ಲಿ ಎರಡು ಇರಲಿಲ್ಲ. ಕಿತ್ತ ಗುಣಿಗೆ ಮಣ್ಣು ಮುಚ್ಚಿ ಮೇಲೆ ತೆಂಗಿನ ಗರಿ ಎಳೆದಿದ್ದರು. ನಾನು ಮೇಷ್ಟ್ರ ಮನೆಗೆ ಹೊರಟೆ. ಅಪ್ಪ ಸೈಕಲ್ಲಿನ ಹಿಂದೆ ಕೂತ.

'ಈ ಸಲ ನಾನೂ ಒಂದ್ ಕೇಳ್ತೀನಿ, ಬರ್ಕೋ' ಅಂದ. ದಾರಿಯುದ್ದಕ್ಕೂ ಹೇಳಿದ. ಮೇಷ್ಟ್ರ ಜಗಲಿಯಲ್ಲಿ ಕೂತು ಬರೆದೆವು. ಕೆಂಪು ಪೆನ್ನು ಬೇಕಾಗಲಿಲ್ಲ:

(ಅ) ಸದರಿ ಗ್ರಾಮದ ಪರಿಶಿಷ್ಟ ಜಾತಿಯವರ ಸ್ಮಶಾನಕ್ಕೆ ನೆಟ್ಟ ಕಲ್ಲುಗಳು ಎಷ್ಟು? (ಆ) ಈಗ ಇರುವ ಕಲ್ಲುಗಳು ಎಷ್ಟು? (ಇ) ಉಳಿದವು ಎಲ್ಲಿವೆ?